ಮೀಟರ್ ಬಂದಿದೆ, ವೈದ್ಯರ ಉತ್ತರ ಬರುತ್ತಿಲ್ಲ

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ. 68 ವರ್ಷದ ಅಮ್ಮ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ತೋರಿಸುವುದು ಮಂಗಳೂರಿನ ವೈದ್ಯರಿಗೆ. ದುಬೈಯಲ್ಲಿರುವ ನನ್ನ ತಮ್ಮ, ಮೊಬೈಲಿಗೆ ಜೋಡಿಸುವ ಗ್ಲುಕೋಮೀಟರ್ ಕಳುಹಿಸಿದ್ದಾನೆ. ದಿನಕ್ಕೆ ಮೂರು ಸಲ ಪರೀಕ್ಷಿಸಿ ವೈದ್ಯರಿಗೆ ವಾಟ್ಸಾಪ್ ಮಾಡುತ್ತೇವೆ, ಉತ್ತರವೇ ಇಲ್ಲ. ಮತ್ತೆ ಈ ಯಂತ್ರದಿಂದ ಏನು ಪ್ರಯೋಜನ?

ಉತ್ತರ: ನಿಮ್ಮ ಬೇಸರ ಸಹಜ. ಆದರೆ ಈ ಅಂಕಿಗಳನ್ನು ಯಾರು, ಯಾವಾಗ ನೋಡಬೇಕೆಂದು ವೈದ್ಯರ ಜೊತೆ ಮೊದಲೇ ಮಾತಾಡಿಕೊಂಡಿದ್ದೀರಾ? ಆ ಮಾತುಕತೆ ಆಗದಿದ್ದರೆ ಎಷ್ಟು ಒಳ್ಳೆಯ ಮೀಟರ್ ಇದ್ದರೂ ಉಪಯೋಗಕ್ಕೆ ಬಾರದು. ಮುಂದಿನ ಭೇಟಿಯಲ್ಲಿ ನೇರವಾಗಿ ಕೇಳಿ: ಯಾವ ಹೊತ್ತಿನಲ್ಲಿ, ವಾರಕ್ಕೆ ಎಷ್ಟು ಸಲ ಪರೀಕ್ಷಿಸಬೇಕು? ಎಷ್ಟು ಏರಿದರೆ, ಎಷ್ಟು ಇಳಿದರೆ ಕೂಡಲೇ ತಿಳಿಸಬೇಕು, ಯಾವ ನಂಬರಿಗೆ? ಫೋನಿನಲ್ಲಿ ಸಲಹೆ ಪಡೆದರೆ ಶುಲ್ಕ ಎಷ್ಟು? ಶುಲ್ಕ ಕೇಳಲು ಸಂಕೋಚ ಬೇಡ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ದೂರದಿಂದಲೇ ಫೋನ್, ವಿಡಿಯೊ ಮೂಲಕ ಚಿಕಿತ್ಸಾ ಸಲಹೆ) ಮಾರ್ಗಸೂಚಿಯಂತೆ ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗೂ ಸಲಹೆ ಕೊಡಬಹುದು, ಅದಕ್ಕೆ ಶುಲ್ಕವನ್ನೂ ಪಡೆಯಬಹುದು. ಅದೇ ತಿಂಗಳು ಕೊರೋನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ. ಗಡಿ ದಾಟದೆ ವೈದ್ಯರನ್ನು ತಲುಪುವ ದಾರಿ ನಮಗೆ ಬೇಕೇ ಬೇಕು.

ಇನ್ನು ಕಳುಹಿಸುವ ಅಂಕಿ ನಂಬುವಂತಿರಬೇಕು. ಹಲಸಿನ ತೊಳೆ ಬಿಡಿಸಿದ ಬೆರಳನ್ನು ಹಾಗೆಯೇ ಚುಚ್ಚಿದರೆ ಚರ್ಮಕ್ಕೆ ಅಂಟಿದ ಹಣ್ಣಿನ ರಸವೂ ರಕ್ತದ ಹನಿಯೊಂದಿಗೆ ಸೇರಿ ರಕ್ತದಲ್ಲಿ ಇಲ್ಲದ ಸಕ್ಕರೆಯನ್ನು ಮೀಟರ್ ತೋರಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅಪಾಯ. ಸೋಪು ಹಚ್ಚಿ ಕೈ ತೊಳೆದು, ಪೂರ್ತಿ ಒರೆಸಿಕೊಂಡ ಮೇಲೆಯೇ ಚುಚ್ಚಿ. ನಮ್ಮ ಮಳೆಗಾಲದ ತೇವಕ್ಕೆ ಮೀಟರಿಗೆ ಹಾಕುವ ಸ್ಟ್ರಿಪ್‌ಗಳೂ ಹಾಳಾಗುತ್ತವೆ. ಒಂದನ್ನು ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ. ಬರಿಯ ಅಂಕಿಯ ಫೋಟೊ ಕಳುಹಿಸಬೇಡಿ. ಊಟಕ್ಕೆ ಮೊದಲೋ ನಂತರವೋ, ಇನ್ಸುಲಿನ್ ಎಷ್ಟು ಯೂನಿಟ್, ಅಂದು ಜ್ವರವಿತ್ತೇ, ಏಕಾದಶಿಯ ಉಪವಾಸವಿತ್ತೇ ಎಂದು ಪಕ್ಕದಲ್ಲೇ ಬರೆಯಿರಿ. ವೈದ್ಯರು ನಿರ್ಧಾರ ಮಾಡುವುದು ಈ ವಿವರಗಳ ಮೇಲೆ.

ಊರಿನ ಆರೋಗ್ಯ ಕೇಂದ್ರದ ಚೀಟಿ, ಮಂಗಳೂರಿನ ಫೈಲು ಎರಡನ್ನೂ ಒಂದೆಡೆ ಸೇರಿಸಲು 14 ಅಂಕಿಗಳ ಆಭಾ ಸಂಖ್ಯೆ (ಕೇಂದ್ರ ಸರಕಾರದ ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ) ಮಾಡಿಸಿಕೊಳ್ಳಬಹುದು. ಆಸ್ಪತ್ರೆಯೂ ಆ ವ್ಯವಸ್ಥೆಗೆ ಸೇರಿರಬೇಕು. ದಾಖಲೆ ನೋಡಲು ನಿಮ್ಮ ತಾಯಿಯವರ ಒಪ್ಪಿಗೆ ಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನಿಮ್ಮ ತಾಯಿಯವರು. ನಿಮ್ಮ ಪತ್ರದಲ್ಲಿ ಪರೀಕ್ಷಿಸುವವರು, ಕಳುಹಿಸುವವರು ಎಲ್ಲ ನೀವೇ. ಅವರಿಗೆ ಆ ಅಂಕಿಯ ಅರ್ಥ ಹೇಳಿಕೊಟ್ಟಿದ್ದೀರಾ? ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿದರೆ ದುಬೈಯಲ್ಲಿ ತಮ್ಮನ ಮೊಬೈಲು ಸದ್ದು ಮಾಡಬಹುದು, ಆದರೆ ಸಕ್ಕರೆ ಡಬ್ಬಿ ಇರುವುದು ಅವರ ಅಡುಗೆಮನೆಯಲ್ಲಿ. ಕೈ ನಡುಗಿ, ಬೆವರು ಬಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಲು ಅವರಿಗೇ ಕಲಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಸಕ್ಕರೆ ಹೀಗೆ ಇಳಿದ ದಿನವೇ ವೈದ್ಯರಿಗೆ ತಿಳಿಸಿ. ಇನ್ಸುಲಿನ್ ಪ್ರಮಾಣ ಬದಲಿಸಬೇಕಾಗಬಹುದು.