ರಬೌಲ್‌ನಲ್ಲಿ ಅಮೆರಿಕದ ಸೈನ್ಯ ಏಕೆ ಇಳಿಯಲಿಲ್ಲ?

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ದಕ್ಷಿಣ ಪೆಸಿಫಿಕ್‌ನ ಜಪಾನಿ ನೆಲೆಗಳಲ್ಲೇ ಪ್ರಬಲವಾಗಿದ್ದ ರಬೌಲ್ ಅನ್ನು ಅಮೆರಿಕ ಏಕೆ ವಶಪಡಿಸಿಕೊಳ್ಳಲಿಲ್ಲ?

ಉತ್ತರ: ಹಾಗೆ ಮಾಡುವ ಅಗತ್ಯವೇ ಉಳಿಯಲಿಲ್ಲ. 1942ರ ಆಗಸ್ಟ್‌ನಲ್ಲಿ ಗ್ವಾಡಲ್‌ಕೆನಾಲ್‌ನಲ್ಲಿ ಇಳಿದ ಅಮೆರಿಕದ ಪಡೆಗಳು ಆ ಒಂದು ದ್ವೀಪಕ್ಕಾಗಿ 1943ರ ಫೆಬ್ರುವರಿಯವರೆಗೂ ಹೋರಾಡಬೇಕಾಯಿತು. ಪ್ರತಿಯೊಂದು ದ್ವೀಪಕ್ಕೂ ಇಷ್ಟೇ ಕಾಲ ಹಿಡಿದರೆ ಜಪಾನನ್ನು ತಲುಪುವುದು ಎಂದಿಗೆ ಎಂಬ ಚಿಂತೆ ಸೇನಾನಾಯಕರನ್ನು ಕಾಡಿದ್ದು ಸಹಜ. ಆದ್ದರಿಂದ 1943ರ ಆಗಸ್ಟ್‌ನಲ್ಲಿ ಮಿತ್ರರಾಷ್ಟ್ರಗಳ ನಾಯಕರು ಸೇರಿದ್ದ ಕ್ವಿಬೆಕ್ ಸಮ್ಮೇಳನದ ವೇಳೆಗೆ ರಬೌಲ್ ಅನ್ನು ಗೆಲ್ಲುವ ಬದಲು ಸುತ್ತುವರಿದು ನಿಷ್ಕ್ರಿಯಗೊಳಿಸುವ ನಿರ್ಧಾರವಾಯಿತು. ರಬೌಲ್‌ನ ಆಚೀಚೆಗಿದ್ದ ಬೂಗನ್‌ವಿಲ್ ದ್ವೀಪದಲ್ಲಿಯೂ ಅಡ್ಮಿರಾಲ್ಟಿ ದ್ವೀಪಗಳಲ್ಲಿಯೂ ವಿಮಾನನೆಲೆಗಳು ಕೈಸೇರಿದ ಮೇಲೆ ರಬೌಲ್‌ಗೆ ಹಡಗುಗಳು ಸುಳಿಯುವುದೇ ಕಷ್ಟವಾಯಿತು. ಅಲ್ಲಿ ಸಿಲುಕಿದ ಸುಮಾರು ಒಂದು ಲಕ್ಷ ಜಪಾನೀಯರು 1945ರ ಶರಣಾಗತಿಯವರೆಗೆ, ಕೊನೆಗೆ ತಮ್ಮ ಆಹಾರವನ್ನು ತಾವೇ ಬೆಳೆದುಕೊಂಡು, ಯುದ್ಧದಿಂದ ಹೊರಗುಳಿದರು.

ಎಲ್ಲ ದ್ವೀಪಗಳನ್ನೂ ಹೀಗೆ ಬದಿಗಿಡಲಾಗಲಿಲ್ಲವೆಂಬುದೂ ನಿಜ. ಜಪಾನಿನ ಮೇಲೆ ಬಿ-29 ಬಾಂಬರ್ ವಿಮಾನಗಳನ್ನು ಹಾರಿಸಲು ಮರಿಯಾನಾ ದ್ವೀಪಗಳು ಬೇಕೇಬೇಕಿದ್ದವು. ಹಾಗಾಗಿ 1944ರ ಜೂನ್‌ನಲ್ಲಿ ಆ ದ್ವೀಪಗಳಲ್ಲೊಂದಾದ ಸೈಪಾನ್ ಮೇಲಿನ ದಾಳಿ ಅನಿವಾರ್ಯವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪೆಲೆಲಿಯು ದ್ವೀಪದ ಕದನಕ್ಕೆ ಮಾತ್ರ ಅಂಥ ಸಮರ್ಥನೆ ದೊರೆಯುವುದಿಲ್ಲ; ರಬೌಲ್‌ನಂತೆ ಅದನ್ನೂ ಬಿಟ್ಟು ಮುಂದೆ ಸಾಗಬಹುದಾಗಿತ್ತು.