ಸಿಡ್ನಿಯ ರೆಸ್ಟೋರೆಂಟ್ ಕೆಲಸ, ಆರ್‌ಎಸ್‌ಎ ಮತ್ತು ‘ಇನ್ನೊಂದು ಹಾಕಮ್ಮ’

ಸಿಡ್ನಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಕೆಲಸ ಕೇಳಲು ಹೋದ ಕಡೆಯೆಲ್ಲ ಆರ್‌ಎಸ್‌ಎ ಇದೆಯಾ ಅನ್ನುತ್ತಾರೆ, ಅದು ಕಷ್ಟನಾ ಅಕ್ಕ, ಮನೆಯಲ್ಲಿ ಏನಂತ ಹೇಳಲಿ ಎಂದು ಕೇಳಿದ್ದೀಯ.

ಕಷ್ಟ ಏನಿಲ್ಲ ಪುಟ್ಟಿ. ರೆಸ್ಪಾನ್ಸಿಬಲ್ ಸರ್ವಿಸ್ ಆಫ್ ಆಲ್ಕೋಹಾಲ್ ಅಂತ ಪೂರ್ತಿ ಹೆಸರು, ಮದ್ಯವನ್ನು ಜವಾಬ್ದಾರಿಯಿಂದ ಕೊಡುವುದನ್ನು ಕಲಿಸುವ ಕೋರ್ಸ್ ಅದು. ಬಾರ್ ಆಗಲಿ, ಲೈಸೆನ್ಸ್ ಇರುವ ರೆಸ್ಟೋರೆಂಟ್ ಆಗಲಿ, ಗ್ಲಾಸಿಗೆ ಸುರಿಯುವವರಿಗೂ ಟೇಬಲ್‌ಗೆ ತಂದಿಡುವವರಿಗೂ ಬೇಕೇ ಬೇಕು. ನಮ್ಮ ಸಿಡ್ನಿ ಇರುವ ರಾಜ್ಯ ನ್ಯೂ ಸೌತ್ ವೇಲ್ಸ್ ಒಪ್ಪಿದ ಸಂಸ್ಥೆಯಲ್ಲೇ ಮಾಡು. ಅಗ್ಗ ಅಂತ ಬೇರೆ ರಾಜ್ಯದ್ದು ಮಾಡಿದರೆ ಅದೊಂದರಿಂದಲೇ ಇಲ್ಲಿ ನಡೆಯಲ್ಲ. ಮೊದಲು ಕೊಡುವ ತಾತ್ಕಾಲಿಕ ಸರ್ಟಿಫಿಕೇಟ್ 90 ದಿನಕ್ಕೆ. ಅಷ್ಟರೊಳಗೆ ರಾಜ್ಯ ಸರ್ಕಾರದ ಸೇವಾ ಕಚೇರಿ ಸರ್ವಿಸ್ ಎನ್‌ಎಸ್‌ಡಬ್ಲ್ಯುನಲ್ಲಿ ಕಾರ್ಡ್ ಮಾಡಿಸು. ಅದು 5 ವರ್ಷಕ್ಕೆ. ಸ್ಟೂಡೆಂಟ್ ವೀಸಾದ ಲೆಕ್ಕ ಮರೀಬೇಡ, ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಕೆಲಸ ಅಷ್ಟೇ. ಮನೆಯಲ್ಲಿ ಏನು ಹೇಳಬೇಕು ಅನ್ನೋದು ನಿನಗೇ ಗೊತ್ತಿರುತ್ತೆ. ನಾನು ಅಮ್ಮನಿಗೆ ಹೇಳಿದೆ, ಅಪ್ಪನಿಗೆ ಅಮ್ಮನೇ ಹೇಳಿದಳು.

ಕೋರ್ಸ್‌ನಲ್ಲಿ ಸ್ಟ್ಯಾಂಡರ್ಡ್ ಡ್ರಿಂಕ್ ಅಂತ ಬರುತ್ತೆ, ಅದನ್ನು ಸರಿಯಾಗಿ ತಿಳ್ಕೋ. 10 ಗ್ರಾಂ ಆಲ್ಕೋಹಾಲ್ ಇದ್ದರೆ ಒಂದು. ನಮ್ಮ ಸ್ಮಾಲ್, 30 ಎಂಎಲ್ ವಿಸ್ಕಿ, ಹತ್ತಿರ ಹತ್ತಿರ ಅಷ್ಟೇ. ಊರಲ್ಲಿ ಒಬ್ಬನೇ ಕೂತು ಖಾಲಿ ಮಾಡುವ ಕ್ವಾರ್ಟರ್, 180 ಎಂಎಲ್, ಇಲ್ಲಿನ ಲೆಕ್ಕದಲ್ಲಿ ಆರು ಡ್ರಿಂಕ್. ಇದು ತಲೆಗೆ ಹತ್ತಿದ ದಿನ ನನಗೆ ನಮ್ಮೂರಿನ ಎಷ್ಟೋ ಮನೆಗಳ ಸಂಕಟ ಅರ್ಥವಾಯಿತು.

ಪರೀಕ್ಷೆ ಸುಲಭ. ಬೇಡ ಅನ್ನುವುದು ಕಷ್ಟ. ಕುಡಿದು ಮಾತು, ನಡಿಗೆ, ಕೈಕಾಲಿನ ಹಿಡಿತ ತಪ್ಪಿರುವುದು ಕಣ್ಣಿಗೆ ಕಾಣುವಂತಿದ್ದರೆ ಅವರಿಗೆ ಮತ್ತೆ ಕೊಡುವ ಹಾಗಿಲ್ಲ. ಕೊಟ್ಟರೆ ದಂಡ ಮಾಲೀಕನಿಗೆ ಮಾತ್ರ ಅಲ್ಲ, ಕೊಟ್ಟ ಹುಡುಗಿಗೂ ಬೀಳುತ್ತೆ. ಕೋರ್ಟಿಗೆ ಹೋದರೆ 11,000 ಡಾಲರ್‌ವರೆಗೂ ಆಗಬಹುದು. ನಾವು ಬೆಳೆದದ್ದು ಹೇಗೆ? ಬಂದವರಿಗೆ ಬೇಡ ಬೇಡ ಅಂದರೂ ಬಡಿಸುವ ಮನೆಗಳಲ್ಲಿ, ಅಲ್ವಾ?

ನಾನು ಬಂದ ಹೊಸದರಲ್ಲಿ ಹ್ಯಾರಿಸ್ ಪಾರ್ಕ್ ಕಡೆ ಒಂದು ರೆಸ್ಟೋರೆಂಟ್‌ನಲ್ಲಿದ್ದೆ. ಒಂದು ರಾತ್ರಿ ಯಾರದ್ದೋ ಬರ್ತ್‌ಡೇ ಪಾರ್ಟಿ. ಮಂಡ್ಯ ಕಡೆಯ ಹಿರಿಯರೊಬ್ಬರು, ನನ್ನ ಸೋದರಮಾವನ ವಯಸ್ಸು. ನಾನು ಕನ್ನಡದವಳು ಅಂತ ಗೊತ್ತಾದದ್ದೇ ಖುಷಿಯೋ ಖುಷಿ. ಊಟ ಆಯ್ತಾ ಅಂತ ನನ್ನನ್ನೇ ವಿಚಾರಿಸಿದರು. ಆಮೇಲಾಮೇಲೆ ಚಟ್ನಿ ಬಟ್ಟಲು ಅಂದುಕೊಂಡು ನೀರಿನ ಲೋಟಕ್ಕೆ ಹಪ್ಪಳ ಅದ್ದುತ್ತಿದ್ದರು. “ಇನ್ನೊಂದು ಹಾಕಮ್ಮ” ಅಂದರು. ಮಾಲೀಕ ಕೌಂಟರ್‌ನಿಂದಲೇ ಹಾಕು ಅಂತ ಕೈಸನ್ನೆ ಮಾಡಿದ. ನಾನು ಬಗ್ಗಿ, “ಮಾಮ, ಇವತ್ತಿಗೆ ಸಾಕು. ಮೊಸರನ್ನ ತರ್ತೀನಿ, ಟ್ಯಾಕ್ಸಿ ಕರೆಸ್ತೀನಿ” ಅಂದೆ. ಅವರು ಕೂಗಾಡಲಿಲ್ಲ. “ನಮ್ಮೂರ ಹುಡುಗಿಯಾಗಿ ನೀನೇ ಹಿಂಗಂದ್ಯಲ್ಲ” ಅಂದು ಎದ್ದು ಹೋದರು.

ಮುಂದಿನ ವಾರ ಕೆಲಸದ ಪಾಳಿ ಹಂಚುವ ರೋಸ್ಟರ್‌ನಲ್ಲಿ ನನ್ನ ಹೆಸರಿರಲಿಲ್ಲ. ಅದು ಬಿಡು, ಬೇರೆ ಕೆಲಸ ಸಿಕ್ಕಿತು. ಆದರೆ ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಅವರು ಎದುರಾದಾಗಲೆಲ್ಲ ಮುಖ ತಿರುಗಿಸಿ ಹೋದರು. ಇಷ್ಟು ದೂರ ಬಂದು, ಊರಿನವರಂತೆ ಊಟ ವಿಚಾರಿಸಿದ ಒಬ್ಬರನ್ನು ಕಳ್ಕೊಂಡೆ ಅನ್ನೋ ನೋವು ಇವತ್ತಿಗೂ ಇದೆ. ಆದರೂ ಅವತ್ತು ಮಾಡಿದ್ದು ಸರಿ. ಅವರ ಕಾರಿನ ಕೀ ಟೇಬಲ್ ಮೇಲೇ ಇತ್ತು.

ನಿನಗೆ ಹೇಳುವುದಿಷ್ಟು. ಬೇಡ ಅನ್ನುವ ಮೊದಲೇ ಮ್ಯಾನೇಜರ್‌ಗೆ ತಿಳಿಸು. ಎಲ್ಲರ ಮುಂದೆ ಹೇಳಬೇಡ, ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳು. ಯಾರಿಗೆ, ಎಷ್ಟು ಹೊತ್ತಿಗೆ ನಿಲ್ಲಿಸಿದೆ ಅಂತ ಇನ್ಸಿಡೆಂಟ್ ಬುಕ್‌ನಲ್ಲಿ ಬರೆಸು. ಮತ್ತೆ ಕೆಲಸ ಒಪ್ಪಿಕೊಳ್ಳುವ ದಿನವೇ ಕೇಳು: ನಾನು ಒಬ್ಬರಿಗೆ ಕೊಡಲ್ಲ ಅಂದರೆ ನೀವು ಯಾರ ಕಡೆ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡು.