ಸೇವಾ ಸಂಸ್ಥೆಗಳಲ್ಲಿ ಸಂಘಟನಾ ಮನೋವಿಜ್ಞಾನ ಉಪಯೋಗಕ್ಕೆ ಬರುತ್ತಾ, ಅಥವಾ ಅದು ಕಂಪನಿಗಳಿಗೆ ಮಾತ್ರಾನಾ?

ಖಂಡಿತ ಬರುತ್ತೆ. ಕೆಲಸದ ಜಾಗದಲ್ಲಿ ಜನ ಹೇಗೆ ಯೋಚಿಸ್ತಾರೆ, ಹೇಗೆ ನಡೆದುಕೊಳ್ತಾರೆ ಅಂತ ನೋಡುವ ಶಾಸ್ತ್ರ ಅದು. ನಿಮ್ಮ ಕೇಂದ್ರದಲ್ಲಿ ಒಳ್ಳೆಯ ಸಿಬ್ಬಂದಿಯೇ ಬಿಟ್ಟು ಹೋಗ್ತಿದ್ದಾರೆ ಅಂತ ಬರೆದಿದ್ದೀರಿ. ವೃದ್ಧರ ಆರೈಕೆ, ಮಕ್ಕಳ ರಕ್ಷಣೆಯ ತಂಡಗಳ ಜೊತೆ ಕೆಲಸ ಮಾಡುವ ನನಗೂ ಇದು ದಿನಾ ಕಾಣುವ ವಿಷಯ.

ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವುದು, ಇದರ ಬಗ್ಗೆ ಚರ್ಚೆ ಶುರುವಾಗಿದ್ದೇ ಸೇವಾ ಕೆಲಸದಿಂದ. 1974ರಲ್ಲಿ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಬರೆದದ್ದು ಉಚಿತ ಕ್ಲಿನಿಕ್‌ಗಳಂಥ ಕಡೆ ದುಡಿಯುವವರ ಬಗ್ಗೆ. 1981ರಲ್ಲಿ ಸಂಶೋಧಕಿಯರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ನೋಡುವುದು ಮೂರು: ಮನಸ್ಸಿನ ಸುಸ್ತು, ಎದುರಿಗಿರುವವರ ಬಗ್ಗೆ ಮನಸ್ಸು ಮರಗಟ್ಟುವುದು, ನನ್ನಿಂದ ಏನೂ ಆಗ್ತಿಲ್ಲ ಅನ್ನುವ ಭಾವನೆ. ನಾನು ಎರಡನೆಯದನ್ನು ಜಾಸ್ತಿ ಗಮನಿಸುತ್ತೇನೆ. ನಿನ್ನೆವರೆಗೆ "ಅಜ್ಜಿ ಊಟ ಮಾಡಿದ್ರಾ" ಅಂತಿದ್ದವರು ಇವತ್ತು "ಆರನೇ ರೂಮ್ ಮುಗೀತಾ" ಅಂತಾರೆ. ಅವರು ಕೆಟ್ಟವರಲ್ಲ, ಬಳಲಿದ್ದಾರೆ.

ಇಂಥ ಹೊತ್ತಲ್ಲಿ ಸಂಸ್ಥೆಗಳು ಒಂದು ಯೋಗ ತರಗತಿ, ಒಂದು ಸ್ಫೂರ್ತಿ ಭಾಷಣ ಇಟ್ಟು ಸುಮ್ಮನಾಗುತ್ತವೆ. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತೆ. ತೊಂದರೆ ಇರುವುದು ಕೆಲಸ ಹಂಚುವ ರೀತಿಯಲ್ಲಿ, ರಿಪೇರಿ ಮಾಡ್ತಿರೋದು ಮನುಷ್ಯರನ್ನು! ಒತ್ತಡ ಜಾಸ್ತಿ ಇದ್ದು, ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿದ್ದರೆ ಆ ಕೆಲಸವೇ ಹಿಂಡಿಹಾಕುತ್ತೆ ಅಂತ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಹೇಳಿದ್ದರು.

ಹಾಗಾಗಿ ಮೊದಲು ಕೇಸ್ ಹಂಚಿಕೆ ನೋಡಿ. ಎಲ್ಲರಿಗೂ ಇಪ್ಪತ್ತು ಫೈಲ್ ಅಂದರೆ ಕಾಗದದ ಮೇಲೆ ಸಮ, ಆದರೆ ಕೋರ್ಟ್‌ವರೆಗೆ ಹೋದ, ಮಗುವನ್ನು ಮನೆಯಿಂದ ಬೇರೆಡೆ ಕಳಿಸಬೇಕಾದ ಒಂದೇ ಫೈಲ್ ಇಡೀ ವಾರ ತಿಂದುಬಿಡುತ್ತೆ, ರಾತ್ರಿ ನಿದ್ದೆಯನ್ನೂ ಬಿಡಲ್ಲ. ಯಾವ ಕೇಸ್ ಎಷ್ಟು ಭಾರ ಅಂತ ತಂಡದವರೇ ಕೂತು ತೀರ್ಮಾನಿಸಲಿ. ಶಿಫ್ಟ್ ಅದಲುಬದಲು ಅವರವರೇ ಮಾಡಿಕೊಳ್ಳಲಿ. ಸಿಬ್ಬಂದಿ ತಮ್ಮ ಕೆಲಸದ ಕಷ್ಟ ಹಿರಿಯರ ಹತ್ತಿರ ಹೇಳಿಕೊಳ್ಳುವ ಸೂಪರ್‌ವಿಷನ್ ಮೀಟಿಂಗಿನಲ್ಲಿ ರಿಜಿಸ್ಟರ್ ತೆಗೀಬೇಡಿ, ಅದಕ್ಕೆ ಬೇರೆ ಸಮಯ ಇಡಿ. ಬಾಕಿ ಲೆಕ್ಕ ಕೇಳುವ ಮೇಜಿನ ಮುಂದೆ ಯಾರೂ "ಆ ಮನೆಗೆ ಹೋಗೋಕೆ ಭಯ ಆಗುತ್ತೆ" ಅನ್ನಲ್ಲ, ಅಲ್ವಾ?

ಇನ್ನೊಂದು ಮಾತು. ತಪ್ಪುಗಳ ವರದಿ ಬರ್ತಿಲ್ಲ ಅಂದರೆ ಖುಷಿಪಡಬೇಡಿ. ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿದಾಗ ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು, ಯಾಕಂದ್ರೆ ಅಲ್ಲಿ ಹೇಳಿಕೊಳ್ಳೋಕೆ ಹೆದರಿಕೆ ಇರಲಿಲ್ಲ.

ಆದರೆ ಹತ್ತು ಜನರ ಕೆಲಸಕ್ಕೆ ಆರೇ ಜನ ಇದ್ದರೆ ಯಾವ ಮನೋವಿಜ್ಞಾನವೂ ಸಾಲದು. ಆಗ ಆಡಳಿತ ಮಂಡಳಿ ಮುಂದೆ ಜನ ಬೇಕು ಅಂತಲೇ ಕೇಳಿ. ಕೇಸ್‌ಗಳ ಭಾರ ಬರೆದಿಟ್ಟ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.